ಮಳೆಗೆ ಹೆಸರು ಕೊಟ್ಟ ಚುಕ್ಕಿಗಳು

(ಸುವರ್ಣ ಮಹೋತ್ಸವದ ಎರಡನೇ ದಿನ, 2026ರ ಜನವರಿ 17ರ ಶನಿವಾರ ಸಂಜೆ, 2007ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಯೊಬ್ಬರು ಶಾಲೆಯ ಮೈದಾನದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಬಿ.ಇ. ಮಾಡಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀಯ, ಮಕ್ಕಳಿಗೆ ಎಐ ಬಗ್ಗೆ ಅರ್ಧ ಗಂಟೆ ಮಾತಾಡಪ್ಪ" ಅಂದರು. ಎಐ ಬಗ್ಗೆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿದೆ, ಹೋಂವರ್ಕನ್ನೇ ಅದರ ಕೈಲಿ ಮಾಡಿಸುತ್ತಿದ್ದಾರೆ, ನಾನು ನಕ್ಷತ್ರಪುಂಜಗಳ ಬಗ್ಗೆ ಮಾತಾಡುತ್ತೇನೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ರಾಶಿ ಭವಿಷ್ಯನಾ?" ಅಂತ ಕೇಳಿದರು. ಅಲ್ಲ. ಭವಿಷ್ಯ ಕೇಳಲು ಬಂದವರು ಈಗಲೇ ಕಾಫಿ ಕುಡಿಯಲು ಹೋಗಬಹುದು.

ಜನರಿಗೆ ಯಾವ ನಕ್ಷತ್ರಪುಂಜ ಇಷ್ಟ, ಯಾಕೆ ಇಷ್ಟ ಅನ್ನುವುದು ನನ್ನ ವಿಷಯ. ಈ ಪ್ರಶ್ನೆ ನಾನು ಹುಟ್ಟಿಸಿದ್ದಲ್ಲ. ಇದೇ ಶಾಲೆಯಲ್ಲಿ, ಹಂಚಿನ ಸೂರಿದ್ದ ಎಂಟನೇ ತರಗತಿಯ ಕೊಠಡಿಯಲ್ಲಿ, ಸಂಕ್ರಾಂತಿ ಕಳೆದ ಹೊಸತರಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಕೇಳಿದ್ದು. "ಒಂದು ವಾರ ಟೈಮು ಕೊಡ್ತೀನಿ. ರಾತ್ರಿ ಹೊರಗೆ ಬಂದು ನೋಡಿ. ನಿಮಗೆ ಇಷ್ಟವಾದ ಒಂದು ಚುಕ್ಕಿಗಳ ಗುಂಪು ಆರಿಸಿ, ಚಿತ್ರ ಬರೆದು, ಯಾಕೆ ಇಷ್ಟ ಅಂತ ಎರಡು ಸಾಲು ಬರೀರಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ."

ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಪ್ತರ್ಷಿ ಮಂಡಲ ಬರೆದಿದ್ದರು, ಪುಸ್ತಕದಲ್ಲಿ ಅದರ ಚಿತ್ರ ಇತ್ತಲ್ಲ. ಮೇಷ್ಟ್ರು ನಕ್ಕು, "ಸಂಜೆ ಏಳು ಗಂಟೆಗೆ ಸಪ್ತರ್ಷಿ ನೋಡಿದೆ ಅಂತ ಬರೆದಿದ್ದೀರಲ್ಲ, ಈ ತಿಂಗಳಲ್ಲಿ ಅದು ಪೂರ್ತಿ ಮೇಲೇಳುವುದೇ ನಡುರಾತ್ರಿ ಹೊತ್ತಿಗೆ. ಋಷಿಗಳು ನಿಮಗೋಸ್ಕರ ಬೇಗ ಎದ್ದರೋ?" ಅಂದರು. ನಾನು ಕೃತ್ತಿಕೆ ಬರೆದಿದ್ದೆ. ಅದನ್ನು ನೇರ ನೋಡಿದರೆ ಮಸುಕು, ಸ್ವಲ್ಪ ಪಕ್ಕಕ್ಕೆ ನೋಡಿದರೆ ಚುಕ್ಕಿಗಳು ಹೆಚ್ಚಾಗುತ್ತವೆ. ಕಣ್ಣಿನ ಅಂಚು ಮಂದ ಬೆಳಕನ್ನು ನಡುಭಾಗಕ್ಕಿಂತ ಚೆನ್ನಾಗಿ ಹಿಡಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ. ಏನೋ ಮಾಯೆ ಅಂದುಕೊಂಡಿದ್ದೆ.

ನನಗೆ ಇವತ್ತಿಗೂ ನೆನಪಿರುವುದು ಬೇರೆ ಇಬ್ಬರ ಉತ್ತರ. ಕುರಿಹಟ್ಟಿಯಿಂದ ಬರುತ್ತಿದ್ದ ಗೆಳೆಯನೊಬ್ಬ ಒಂದೇ ಸಾಲಿನಲ್ಲಿ ಮೂರು ಚುಕ್ಕಿ ಇಟ್ಟು, ಕೆಳಗೆ ಹೀಗೆ ಬರೆದಿದ್ದ: "ಇವು ನೆತ್ತಿಗೆ ಬಂದಾಗ ಅಪ್ಪ ಎಬ್ಬಿಸ್ತಾರೆ. ಆಮೇಲೆ ಮಂದೆ ಕಾಯೋದು ನನ್ನ ಪಾಳಿ. ಇಷ್ಟ ಏನಲ್ಲ, ಆದರೆ ದಿನಾ ನೋಡ್ತೀನಿ." ಇನ್ನೊಬ್ಬಳ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ನಾಲ್ಕನೇ ಜ್ವರ ಎದ್ದ ಹುಳುವಿಗೆ ಹೊತ್ತಿಲ್ಲ ಗೊತ್ತಿಲ್ಲ, ಸೊಪ್ಪು ಹಾಕುತ್ತಲೇ ಇರಬೇಕು. ಬೆಳಗಿನ ಜಾವ ಸೊಪ್ಪು ಹಾಕಲು ಎದ್ದಾಗ ಹುಳುಮನೆಯ ಬಾಗಿಲಿನಿಂದ ಕಾಣುವ ಚೇಳನ್ನು ಅವಳು ಕೊಂಡಿಯ ಸಮೇತ ಬರೆದಿದ್ದಳು. ವೃಶ್ಚಿಕ ಅನ್ನುವ ಹೆಸರು ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಹತ್ತಕ್ಕೆ ಹತ್ತು ಕೊಟ್ಟಿದ್ದು ಈ ಇಬ್ಬರಿಗೇ.

ಜನ ಆಕಾಶದಲ್ಲಿ ಚೆಂದವಾಗಿರುವುದನ್ನು ಪ್ರೀತಿಸುತ್ತಾರೆ ಅಂತ ನಾವು ತಿಳಿದಿರುತ್ತೇವೆ. ಅದು ಅರ್ಧ ನಿಜ. ನಾವು ಕೆಲಸ ಮಾಡುವ ಹೊತ್ತಿಗೆ ಯಾವುದು ಮೇಲಿರುತ್ತದೋ ಅದು ನಮ್ಮದಾಗುತ್ತದೆ. ದಿನಾ ಒಂದೇ ಬಸ್ಸಿಗೆ ಬರುವವರ ಪರಿಚಯ ಆಗುವ ಹಾಗೆ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ಹೇಳುತ್ತೇನೆ. ಫ್ರಾನ್ಸಿನ ಲಕಾಯ್ ಎಂಬ ಖಗೋಳ ವಿಜ್ಞಾನಿ 1751ರಲ್ಲಿ ಆಫ್ರಿಕಾದ ದಕ್ಷಿಣ ತುದಿಗೆ, ಕೇಪ್ ಆಫ್ ಗುಡ್ ಹೋಪ್‌ಗೆ ಹೋದ. ಯುರೋಪಿನಿಂದ ಕಾಣದ ದಕ್ಷಿಣದ ಆಕಾಶವನ್ನು ಅಳೆದು, ಸುಮಾರು ಹತ್ತು ಸಾವಿರ ನಕ್ಷತ್ರಗಳ ಸ್ಥಾನ ದಾಖಲಿಸಿದ. ಅಸಾಧ್ಯ ಶ್ರಮದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿದ್ದ ಮಂಕು ಚುಕ್ಕಿಗಳನ್ನು ಗುಂಪು ಮಾಡಿ 14 ಹೊಸ ನಕ್ಷತ್ರಪುಂಜಗಳಿಗೆ ಹೆಸರೂ ಇಟ್ಟ. ಏನು ಹೆಸರು? ಸೂಕ್ಷ್ಮದರ್ಶಕ, ದೂರದರ್ಶಕ, ಗಡಿಯಾರ, ಗಾಳಿ ಪಂಪು, ಕುಲುಮೆ, ಉಳಿ. ಅವನ ಕಾಲದ ವಿಜ್ಞಾನ ಮತ್ತು ಕಲೆಗಳ ಉಪಕರಣಗಳು. 1922ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಆಕಾಶವನ್ನು 88 ನಕ್ಷತ್ರಪುಂಜಗಳಾಗಿ ಪಟ್ಟಿ ಮಾಡಿದಾಗ ಲಕಾಯ್‌ನ ಹದಿನಾಲ್ಕೂ ಅದರಲ್ಲಿ ಸೇರಿದವು. 1930ರಲ್ಲಿ ಜಮೀನಿಗೆ ಸರ್ವೆ ಮಾಡಿ ಕಲ್ಲು ನೆಟ್ಟ ಹಾಗೆ ಎಲ್ಲಕ್ಕೂ ಗಡಿ ಗುರುತು ಆಯಿತು. ಕಾಗದದ ಮೇಲೆ ಗಾಳಿ ಪಂಪಿಗೂ ಸಪ್ತರ್ಷಿಗೂ ಒಂದೇ ಹಕ್ಕು. ಆದರೆ "ನನಗೆ ಗಾಳಿ ಪಂಪು ನಕ್ಷತ್ರಪುಂಜ ಬಹಳ ಇಷ್ಟ" ಅಂದವರನ್ನು ನಾನು ಇದುವರೆಗೆ ನೋಡಿಲ್ಲ. ಅದರ ಹೊತ್ತಿಗೆ ಯಾರೂ ಎದ್ದಿಲ್ಲ, ಅದನ್ನು ನೋಡಿ ಯಾರೂ ಬಿತ್ತಿಲ್ಲ, ಅಜ್ಜಿಯರು ಅದರ ಕತೆ ಹೇಳಿಲ್ಲ.

ಈಗ ಗೆಳೆಯನ ಮೂರು ಚುಕ್ಕಿಗೆ ಬರೋಣ. ಪ್ರಪಂಚದಲ್ಲಿ ಅತಿ ಹೆಚ್ಚು ಜನ ಗುರುತಿಸುವ ನಕ್ಷತ್ರಪುಂಜ ಬಹುಶಃ ಅದೇ, ಮಹಾವ್ಯಾಧ. ಇಂಗ್ಲಿಷಿನ ಓರಿಯನ್. ನಾಲ್ಕು ಮೂಲೆಗೆ ನಾಲ್ಕು ನಕ್ಷತ್ರ, ನಡುವೆ ಸೊಂಟಪಟ್ಟಿಯ ಹಾಗೆ ಓರೆಯಾಗಿ ಮೂರು. ಇಷ್ಟು ಹೊಳೆಯುವ ಮೂರು ಚುಕ್ಕಿಗಳು ಇಷ್ಟು ನೇರವಾಗಿ, ಇಷ್ಟು ಹತ್ತಿರ ನಿಂತಿರುವುದು ಆಕಾಶದಲ್ಲಿ ಬೇರೆಲ್ಲೂ ಇಲ್ಲ. ಇನ್ನೊಂದು ಕಾರಣ ಅದು ನಿಂತಿರುವ ಜಾಗ. ಭೂಮಿಯ ಸಮಭಾಜಕ ವೃತ್ತವನ್ನು ಆಕಾಶದವರೆಗೆ ಹಿಗ್ಗಿಸಿದರೆ ಅದು ಈ ಪಟ್ಟಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಹಾಗಾಗಿ ಈ ಮೂರು ಚುಕ್ಕಿಗಳು ಜನ ವಾಸಿಸುವ ಎಲ್ಲ ದೇಶಗಳಿಗೂ ಕಾಣುತ್ತವೆ. ಎಲ್ಲಿಂದ ನೋಡಿದರೂ ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತವೆ. ದಿಕ್ಕು ತಪ್ಪಿದವನಿಗೆ ಇದಕ್ಕಿಂತ ದೊಡ್ಡ ಉಪಕಾರ ಏನು ಬೇಕು?

ಎಲ್ಲರಿಗೂ ಕಾಣುತ್ತದೆ, ಆದರೆ ಎಲ್ಲರಿಗೂ ಒಂದೇ ಥರ ಕಾಣುವುದಿಲ್ಲ. ಗ್ರೀಕರಿಗೆ ಅದು ಬೇಟೆಗಾರ. ಜಾವಾ ದ್ವೀಪದ ಭತ್ತದ ರೈತರಿಗೆ ನೇಗಿಲು. ಮಧ್ಯ ಭಾರತದ ಗೋಂಡರಿಗೂ ಆ ಪಟ್ಟಿಯ ಸುತ್ತಮುತ್ತ ಕಾಣುವುದು ನೇಗಿಲೇ. ಅದೇ ಗೋಂಡರು ಸಪ್ತರ್ಷಿ ಮಂಡಲದಲ್ಲಿ ಋಷಿಗಳನ್ನು ಕಾಣುವುದಿಲ್ಲ. ನಾಲ್ಕು ಚುಕ್ಕಿ ಒಂದು ಮಂಚದ ನಾಲ್ಕು ಕಾಲು, ಹಿಂದಿನ ಮೂರು ಚುಕ್ಕಿ ಆ ಮಂಚ ಕದಿಯಲು ಬಂದ ಮೂವರು ಕಳ್ಳರು. ನನಗಂತೂ ಋಷಿಗಳಿಗಿಂತ ಈ ಕಳ್ಳರು ಹೆಚ್ಚು ಹತ್ತಿರದವರು ಅನ್ನಿಸುತ್ತಾರೆ, ಕ್ಷಮಿಸಿ.

ನಮ್ಮ ಹಳೆಯ ಕತೆಯಲ್ಲಿ ಮಹಾವ್ಯಾಧ ಬೇಟೆಗಾರನೇ ಅಲ್ಲ, ಬೇಟೆ. ಐತರೇಯ ಬ್ರಾಹ್ಮಣದಲ್ಲಿ ಬರುವ ಕತೆ ಅದು. ಪ್ರಜಾಪತಿ ಜಿಂಕೆಯ ರೂಪ ತಾಳಿ ರೋಹಿಣಿಯ ಹಿಂದೆ ಓಡುತ್ತಾನೆ. ಅದು ಸಲ್ಲದ ಓಟ ಅಂತ ದೇವತೆಗಳು ಅವನ ಮೇಲೆ ಬಾಣ ಬಿಡಿಸುತ್ತಾರೆ. ಆ ಜಿಂಕೆಯೇ ಮೃಗಶಿರ. ಮೈಗೆ ನಾಟಿದ ಮೂರು ಗೆಣ್ಣಿನ ಬಾಣ ಆ ಮೂರು ಚುಕ್ಕಿ. ಬಾಣ ಬಿಟ್ಟ ಬೇಡ ಲುಬ್ಧಕ, ಆಗ್ನೇಯದಲ್ಲಿ ಧಗಧಗ ಹೊಳೆಯುವ ನಕ್ಷತ್ರ. ರೋಹಿಣಿ ಮುಂದೆ, ಜಿಂಕೆ ನಡುವೆ, ಬೇಡ ಹಿಂದೆ: ಅವು ಪೂರ್ವದಲ್ಲಿ ಹುಟ್ಟುವ ಕ್ರಮವೂ ಅದೇ. ಕತೆ ಕಟ್ಟಿದವರು ಆಕಾಶ ನೋಡಿಕೊಂಡೇ ಕಟ್ಟಿದ್ದಾರೆ.

ನಾನು ಕೆಲಸದ ಮೇಲೆ ಎಂಟು ತಿಂಗಳು ಮೆಲ್ಬರ್ನಿನಲ್ಲಿದ್ದೆ. ಅಲ್ಲಿ ಜನವರಿ ಅಂದರೆ ಬೇಸಿಗೆ, ಮಹಾವ್ಯಾಧ ಉತ್ತರದಲ್ಲಿ ತಲೆಕೆಳಗಾಗಿ ನಿಂತಿರುತ್ತಾನೆ. ಸ್ಥಳೀಯರು ಅದರ ಪಟ್ಟಿಯನ್ನೂ ಕತ್ತಿಯನ್ನೂ ಸೇರಿಸಿ ಹಿಡಿಯಿರುವ ಅಡುಗೆ ಪಾತ್ರೆ ಅನ್ನುತ್ತಾರೆ. ಮೊದಲ ತಿಂಗಳು ಆ ಊರಲ್ಲಿ ನನಗೆ ಮುಖಪರಿಚಯ ಇದ್ದದ್ದು ಇದೊಂದೇ, ಅದೂ ಶೀರ್ಷಾಸನದಲ್ಲಿ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಅಲ್ಲೂ ಅವೇ ಚುಕ್ಕಿನಾ?" ಅಂದರು. ಆ ಮಾತು ಕೇಳಿ ನನಗೆ ಅಡುಗೆ ಮಾಡಿಕೊಳ್ಳುವ ಮನಸ್ಸು ಬಂತು.

ಊರಿನ ಹಿರಿಯರು ಈಗ ಸ್ವಲ್ಪ ಕಿವಿ ಕೊಡಬೇಕು. ಇನ್ನು ಮುಂದಿನದ್ದು ನಿಮ್ಮ ವಿಷಯ.

ಇಲ್ಲಿ ಕೂತಿರುವ ಯಾವ ರೈತರನ್ನು ಕೇಳಿದರೂ ನಕ್ಷತ್ರಗಳ ಹೆಸರು ಸರಸರ ಹೇಳುತ್ತಾರೆ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಆದರೆ ಆರಿದ್ರ ಅಂದರೆ ಅವರಿಗೆ ಚುಕ್ಕಿಯಲ್ಲ, ಮಳೆ. "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಅನ್ನುವ ಗಾದೆ ನಮ್ಮ ಮನೆಯ ಜಗಲಿಯಲ್ಲಿ ಪ್ರತಿ ಜೂನ್‌ನಲ್ಲೂ ಕೇಳುತ್ತಿತ್ತು. ಆ ಆರಿದ್ರ ಇರುವುದು ಎಲ್ಲಿ? ಮಹಾವ್ಯಾಧನ ಭುಜದಲ್ಲಿ ಕೆಂಡದ ಹಾಗೆ ಕೆಂಪಗಿರುವ ನಕ್ಷತ್ರವೇ ಆರಿದ್ರ. ಅದರ ಮೇಲ್ಗಡೆ ಸಣ್ಣ ಚುಕ್ಕಿಗಳ ಪುಟ್ಟ ಗುಂಪು ಮೃಗಶಿರ. ಅದಕ್ಕೂ ಆಚೆ, ವೃಷಭದ ಕಣ್ಣಾಗಿರುವ ಕಿತ್ತಳೆ ಬಣ್ಣದ್ದು ರೋಹಿಣಿ. ಮುಂಗಾರಿನ ಆರಂಭದ ಮಳೆಗಳೆಲ್ಲ ಆಕಾಶದ ಒಂದೇ ಓಣಿಯಲ್ಲಿ ಅಕ್ಕಪಕ್ಕದ ಮನೆಯವರು.

ಹೆಸರು ಬಾಯಲ್ಲಿದ್ದೂ ಮುಖ ಯಾಕೆ ಗೊತ್ತಿಲ್ಲ? ಅದಕ್ಕೆ ಕಾರಣ ಇದೆ. ಆರಿದ್ರ ಮಳೆ ಅಂದರೆ ಸೂರ್ಯ ಆರಿದ್ರ ನಕ್ಷತ್ರದ ಭಾಗದಲ್ಲಿರುವ ದಿನಗಳು, ಜೂನ್ 21–22ರಿಂದ ಸುಮಾರು ಎರಡು ವಾರ. ಸೂರ್ಯ ಆಕಾಶದ ಒಂದು ಸುತ್ತು ಮುಗಿಸಲು 365 ದಿನ, ನಕ್ಷತ್ರ 27, ಭಾಗಿಸಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಸೂರ್ಯ ಯಾವ ಮನೆಯಲ್ಲಿರುತ್ತಾನೋ ಆ ಮನೆಯ ನಕ್ಷತ್ರ ಹಗಲಿನಲ್ಲಿ ಅವನ ಜೊತೆಯಲ್ಲೇ ಹುಟ್ಟಿ ಜೊತೆಯಲ್ಲೇ ಮುಳುಗುತ್ತದೆ. ಅಂದರೆ ಆರಿದ್ರ ಮಳೆಯ ಕಾಲದಲ್ಲಿ ಆರಿದ್ರ ನಕ್ಷತ್ರ ಯಾರಿಗೂ ಕಾಣಿಸುವುದಿಲ್ಲ. ಮೋಡ ಇಲ್ಲದಿದ್ದರೂ ಕಾಣಿಸುವುದಿಲ್ಲ. ನಾವು ಹೆಸರು ಹಿಡಿದು ಕರೆಯುವ ಕಾಲಕ್ಕೆ ಅದು ಮರೆಯಲ್ಲಿರುತ್ತದೆ. ಚಳಿಗಾಲದ ಸಂಜೆ ಅದು ನೆತ್ತಿಯ ಮೇಲೆ ಬಂದು ನಿಂತಾಗ ನಾವು ಮಳೆಯ ಮಾತು ಆಡುವುದಿಲ್ಲ.

ಹಾಗಾದರೆ ಕಾಣದ ನಕ್ಷತ್ರದಲ್ಲಿ ಸೂರ್ಯ ಇದ್ದಾನೆ ಅಂತ ಮೊದಲು ಲೆಕ್ಕ ಹಾಕಿದವರು ಹೇಗೆ ಹಾಕಿದರು? ನನ್ನ ಮನಸ್ಸಿಗೆ ಬಹಳ ಹಿಡಿಸಿದ ವಿಷಯ ಇದು. ಜೂನ್ ಕೊನೆಯಲ್ಲಿ ಸೂರ್ಯ ಹುಟ್ಟುವ ಮೊದಲು ಪೂರ್ವಕ್ಕೆ ನೋಡಿದರೆ ಕೃತ್ತಿಕೆ ಮೇಲೆ ಬಂದಿರುತ್ತದೆ, ಅದರ ಹಿಂದೆ ರೋಹಿಣಿ. ಅದೇ ದಿನ ಸೂರ್ಯ ಮುಳುಗಿದ ಮೇಲೆ ಪಶ್ಚಿಮಕ್ಕೆ ನೋಡಿದರೆ ಪುನರ್ವಸುವಿನ ಜೋಡಿ ಚುಕ್ಕಿ ಇಳಿಯುತ್ತಿರುತ್ತದೆ. ಈ ಕಡೆ ರೋಹಿಣಿ, ಆ ಕಡೆ ಪುನರ್ವಸು, ನಡುವೆ ಕಾಣೆಯಾಗಿರುವುದು ಮೃಗಶಿರ ಮತ್ತು ಆರಿದ್ರ. ಸೂರ್ಯ ಅಲ್ಲೇ ಇರಬೇಕು. ತರಗತಿಯಲ್ಲಿ ಹಾಜರಿ ಕರೆದಾಗ ಯಾರು ಉತ್ತರ ಕೊಡಲಿಲ್ಲವೋ ಅವರ ಮನೆಗೇ ನೆಂಟರು ಬಂದಿದ್ದಾರೆ ಅಂತ ಮೇಷ್ಟ್ರು ತಿಳಿದುಕೊಂಡ ಹಾಗೆ. ದೂರದರ್ಶಕ ಇಲ್ಲ, ಕಂಪ್ಯೂಟರ್ ಇಲ್ಲ, ಬೆಳಗಿನ ಜಾವ ಮತ್ತು ಮುಸ್ಸಂಜೆ ಹೊರಗಿರುವ ಅಭ್ಯಾಸ ಮಾತ್ರ ಇತ್ತು.

ಈ ಲೆಕ್ಕದಲ್ಲಿ ಒಂದು ಸಣ್ಣ ಜಾರುವಿಕೆಯೂ ಇದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ಬಹಳ ನಿಧಾನವಾಗಿ ಓಲಾಡುವುದರಿಂದ, ನಕ್ಷತ್ರಗಳ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಸುಮಾರು 71 ವರ್ಷಕ್ಕೆ ಒಂದು ದಿನ ವ್ಯತ್ಯಾಸ ಬೀಳುತ್ತದೆ. ಅಜ್ಜನಿಂದ ಮೊಮ್ಮಗನಿಗೆ ಬರುವಷ್ಟರಲ್ಲಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಆದರೆ ಸಾವಿರ ವರ್ಷದಲ್ಲಿ ಹದಿನಾಲ್ಕು ದಿನ, ಅಂದರೆ ಒಂದು ಮಳೆನಕ್ಷತ್ರದಷ್ಟು ಸರಿದಿರುತ್ತದೆ. ಮಳೆ ಹೇಳಿದ ದಿನಕ್ಕೆ ಬರಲಿಲ್ಲ ಅಂತ ಪಂಚಾಂಗವನ್ನು ಬೈಯುವವರು ಇದನ್ನೂ ಗಮನದಲ್ಲಿಡಬೇಕು. ಆದರೆ ನಮ್ಮ ಈಚಿನ ವರ್ಷಗಳ ಮಳೆಯ ಅವಾಂತರಕ್ಕೆ ಭೂಮಿಯ ಅಕ್ಷವನ್ನು ದೂರಿ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ.

ಆರಿದ್ರದ ಬಗ್ಗೆ ಮಕ್ಕಳಿಗೆ ಇನ್ನೊಂದು ಮಾತು. ಅದು ನಮ್ಮ ಸೂರ್ಯನ ಜಾಗದಲ್ಲಿ ಇದ್ದಿದ್ದರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಅದರ ಹೊಟ್ಟೆಯೊಳಗೆ ಇರುತ್ತಿದ್ದವು. 2019ರ ಕೊನೆಯಿಂದ 2020ರ ಫೆಬ್ರುವರಿವರೆಗೆ ಅದು ಬರಿಗಣ್ಣಿಗೆ ಗೊತ್ತಾಗುವಷ್ಟು ಮಂಕಾಯಿತು. ಇನ್ನೇನು ಸಿಡಿಯುತ್ತದೆ ಅಂತ ಪತ್ರಿಕೆಗಳಲ್ಲಿ ಗುಲ್ಲು. ಅದು ತಾನೇ ಉಗುಳಿದ ಧೂಳಿನ ಮೋಡ ಅಡ್ಡ ಬಂದಿತ್ತು ಅಂತ ಆಮೇಲೆ ತಿಳಿಯಿತು. ಮುಂದೊಂದು ದಿನ ಸಿಡಿಯುವುದು ಖಂಡಿತ. ಅದಕ್ಕೆ ಸಾವಿರಾರು ವರ್ಷ ಹಿಡಿಯಬಹುದು, ಲಕ್ಷ ವರ್ಷವೂ ಹಿಡಿಯಬಹುದು. ಅಂದು ಕೆಲವು ವಾರ ಹಗಲಲ್ಲೂ ಕಾಣುತ್ತದೆ. ಜೂನ್ ತಿಂಗಳಲ್ಲಿ ಸಿಡಿದರೆ ಆರಿದ್ರ ಮಳೆಯಲ್ಲೇ ಆರಿದ್ರವನ್ನು ನೋಡಿದ ಮೊದಲ ರೈತ ಯಾರೋ!

ಅರುಂಧತಿಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಇಲ್ಲಿರುವ ಮದುವೆಯಾದವರಲ್ಲಿ ಬಹಳ ಜನ ಅರುಂಧತಿ ನಕ್ಷತ್ರ ನೋಡಿದ್ದೀರಿ, ಅಂದರೆ ಪುರೋಹಿತರು ಹಗಲು ಹನ್ನೆರಡು ಗಂಟೆಗೆ ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಲ್ಲಿಸಿ ತೋರಿಸಿದ ದಿಕ್ಕಿಗೆ ತಲೆಯಾಡಿಸಿದ್ದೀರಿ. ನಿಜವಾದ ಅರುಂಧತಿ ಸಪ್ತರ್ಷಿಯ ಬಾಲದ ನಡುಚುಕ್ಕಿ ವಸಿಷ್ಠನ ಪಕ್ಕದಲ್ಲಿ ಅಂಟಿಕೊಂಡ ಹಾಗಿದೆ, ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿ. ದೂರದರ್ಶಕದಲ್ಲಿ ನೋಡಿದರೆ ವಸಿಷ್ಠನೇ ಎರಡಾಗುತ್ತಾನೆ. ಇನ್ನೂ ಸೂಕ್ಷ್ಮ ಉಪಕರಣಗಳಿಂದ ನೋಡಿದಾಗ ವಸಿಷ್ಠ ನಾಲ್ಕು, ಅರುಂಧತಿ ಎರಡು, ಒಟ್ಟು ಆರು. ನೋಡಲು ಗಂಡ ಹೆಂಡತಿ, ಒಳಗೆ ಹೋದರೆ ಕೂಡು ಕುಟುಂಬ.

ವೃಶ್ಚಿಕವನ್ನು ಪ್ರೀತಿಸಲು ನಮ್ಮೂರಿನವರಿಗೆ ಇರುವಷ್ಟು ಅನುಕೂಲ ಲಂಡನ್ನಿನವರಿಗೆ ಇಲ್ಲ. ಅಲ್ಲಿಂದ ಚೇಳಿನ ಬಾಲ ಪೂರ್ತಿಯಾಗಿ ದಿಗಂತದ ಮೇಲೆ ಬರುವುದೇ ಇಲ್ಲ. ನಮಗೆ ತಲೆಯಿಂದ ಕೊಂಡಿಯವರೆಗೆ, ಎದೆಯಲ್ಲಿ ಕೆಂಪು ಜ್ಯೇಷ್ಠಾ ಸಮೇತ, ಎತ್ತರದಲ್ಲಿ ಕಾಣುತ್ತದೆ. ಕಲ್ಲು ಎತ್ತಿದರೆ ಚೇಳು ಸಿಗುವ ಊರಿನ ಮಕ್ಕಳಿಗೆ ಅದರ ಹೆಸರನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ಕೊನೆ, ಮೇ ತಿಂಗಳ ಮೊದಲ ವಾರಗಳಲ್ಲಿ ರಾತ್ರಿ ಹತ್ತರ ಸುಮಾರಿಗೆ ಉತ್ತರದಲ್ಲಿ ಸಪ್ತರ್ಷಿ, ದಕ್ಷಿಣದಲ್ಲಿ ತ್ರಿಶಂಕು ಎರಡೂ ಒಂದೇ ಹೊತ್ತಿಗೆ ನಿಂತಿರುತ್ತವೆ. ಯುರೋಪಿನವರಿಗೆ ತ್ರಿಶಂಕು ಇಲ್ಲ, ಮೆಲ್ಬರ್ನಿನವರಿಗೆ ಸಪ್ತರ್ಷಿ ಇಲ್ಲ. ನಮ್ಮ ಹೊಲದಲ್ಲಿ ನಿಂತು ತಲೆ ತಿರುಗಿಸಿದರೆ ಎರಡೂ ಸಿಗುತ್ತವೆ.

ಇನ್ನು ಈ ಸಮಾರಂಭಕ್ಕೆ ಅಂತಲೇ ನಾನು ಹುಡುಕಿದ ಒಂದು ನಕ್ಷತ್ರ ಇದೆ. ಪುನರ್ವಸು ಅಂದೆನಲ್ಲ, ಮಿಥುನ ರಾಶಿಯ ಜೋಡಿ ಚುಕ್ಕಿ. ಅದರಲ್ಲಿ ಉತ್ತರದ್ದು ಕ್ಯಾಸ್ಟರ್, ದಕ್ಷಿಣದ್ದು ಪೊಲಕ್ಸ್. ಕ್ಯಾಸ್ಟರ್ ನಮ್ಮಿಂದ ಸುಮಾರು 51 ಜ್ಯೋತಿರ್ವರ್ಷ ದೂರ. ಇವತ್ತು ರಾತ್ರಿ ನಿಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಅಲ್ಲಿಂದ ಹೊರಟದ್ದು ಹೆಚ್ಚುಕಡಿಮೆ 1975ರಲ್ಲಿ. ಆಗ ಈ ಶಾಲೆಗೆ ಕಟ್ಟಡ ಇರಲಿಲ್ಲ. ಮೊದಲ ತರಗತಿ ಊರ ಛತ್ರದ ಜಗಲಿಯಲ್ಲಿ ನಡೆಯಿತು ಅಂತ ಮೊದಲ ತಂಡದ ಹಿರಿಯರು ನಿನ್ನೆ ಇದೇ ವೇದಿಕೆಯಲ್ಲಿ ಹೇಳಿದರು. ಆ ಜಗಲಿಯಲ್ಲಿ ಹಾಜರಿ ಕರೆಯುವ ಹೊತ್ತಿಗೆ ಹೊರಟ ಬೆಳಕು ಇವತ್ತು ಊರು ತಲುಪುತ್ತಿದೆ. ಪೊಲಕ್ಸ್ ಸುಮಾರು 34 ಜ್ಯೋತಿರ್ವರ್ಷ, ಅದು ನನ್ನ ವಯಸ್ಸು. ಹತ್ತನೇ ತರಗತಿಯ ಮಕ್ಕಳು ಬೇಸರ ಮಾಡಿಕೊಳ್ಳಬಾರದು, ನಿಮಗೆ ಲುಬ್ಧಕ ಇದೆ, 8.6 ಜ್ಯೋತಿರ್ವರ್ಷ. ನೀವು ಎರಡನೇ ತರಗತಿಗೆ ಸೇರಿದ ಸುಮಾರಿಗೆ ಹೊರಟ ಬೆಳಕು ಅದು.

ಈಗ ಸ್ವಲ್ಪ ಇಕ್ಕಟ್ಟಿನ ಮಾತು. ಇದನ್ನು ಹೇಳಬೇಕೋ ಬೇಡವೋ ಅಂತ ಬಸ್ಸಿನಲ್ಲಿ ಯೋಚಿಸಿಕೊಂಡೇ ಬಂದೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಈ ಮೈದಾನಕ್ಕೆ ಹೈಮಾಸ್ಟ್ ದೀಪ ಕೊಡುವುದು ಅಂತ ತೀರ್ಮಾನ ಆಗಿದೆ. ನನ್ನ ಪಾಲಿನ ಹಣವನ್ನೂ ಕೊಟ್ಟಿದ್ದೇನೆ, ವಾಪಸ್ ಕೇಳುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೋದ ವರ್ಷ ಹಾಕಿದ ದೀಪವನ್ನು ನೀವೆಲ್ಲ ನೋಡಿದ್ದೀರಿ. ಅದರ ಅರ್ಧ ಬೆಳಕು ರಸ್ತೆಗೆ ಬೀಳುತ್ತದೆ, ಇನ್ನರ್ಧ ಆಕಾಶಕ್ಕೆ. ಅಲ್ಲಿ ನಿಂತು ತಲೆಯೆತ್ತಿದರೆ ಈಗ ಕೃತ್ತಿಕೆ ಕಾಣುವುದಿಲ್ಲ. ಬೆಂಗಳೂರಿನಲ್ಲಿ ನಾನಿರುವ ಮನೆಯ ತಾರಸಿಯಿಂದ ಮಹಾವ್ಯಾಧ ಒಬ್ಬ ಸಿಗುತ್ತಾನೆ, ಅವನೂ ಪೂರ್ತಿಯಾಗಿ ಅಲ್ಲ. ನನ್ನ ಮಗಳಿಗೆ ನಾಲ್ಕು ವರ್ಷ. ಮೊಬೈಲಿನ ಆ್ಯಪ್ ಹಿಡಿದು ಆಕಾಶಕ್ಕೆ ತೋರಿಸುತ್ತೇನೆ. ತೆರೆಯ ಮೇಲೆ ಎಲ್ಲ ನಕ್ಷತ್ರ ಇದೆ, ಮೇಲೆ ನೋಡಿದರೆ ಬೂದಿ ಬಣ್ಣ. ಅವಳು ತೆರೆಯನ್ನೇ ಆಕಾಶ ಅಂದುಕೊಂಡಿದ್ದಾಳೆ.

ದೀಪ ಬೇಡ ಅಂತ ನಾನು ಹೇಳುತ್ತಿಲ್ಲ. ಊರಲ್ಲಿ ಕತ್ತಲೆ ಇರಲಿ ಅನ್ನುವುದು ಬೆಂಗಳೂರಿನಲ್ಲಿ ಕೂತವನಿಗೆ ಸುಲಭ. ಸ್ಪೆಷಲ್ ಕ್ಲಾಸ್ ಮುಗಿಸಿ ತೋಟದ ದಾರಿಯಲ್ಲಿ ನಡೆದುಹೋಗುವ ಹೆಣ್ಣುಮಕ್ಕಳಿಗೆ ಬೆಳಕು ಬೇಕೇ ಬೇಕು. ಹಾವು ತುಳಿದವರಿಗೆ ಕೃತ್ತಿಕೆಯ ಚೆಂದ ಹೇಳಲು ನಾನು ಬಂದಿಲ್ಲ. ಆದರೆ ಹಾವು ಇರುವುದು ನೆಲದ ಮೇಲೆ. ದೀಪಕ್ಕೆ ಮೇಲಿನಿಂದ ಮುಚ್ಚಳದಂಥ ಷೇಡು ಇದ್ದು ಬೆಳಕು ಕೆಳಗೇ ಬಿದ್ದರೆ ದಾರಿ ಇನ್ನೂ ಚೆನ್ನಾಗಿ ಕಾಣುತ್ತದೆ, ಕರೆಂಟೂ ಉಳಿಯುತ್ತದೆ. ಎಲ್‌ಇಡಿ ಡಬ್ಬಿಯ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಬರೆದಿರುತ್ತದೆ. 6500 ಇದ್ದರೆ ನೀಲಿ ಮಿಶ್ರಿತ ಬಿಳಿ, 3000 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಳದಿ. ಹಗಲಲ್ಲಿ ಆಕಾಶವನ್ನು ನೀಲಿ ಮಾಡುವ ಕಾರಣವೇ ರಾತ್ರಿ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಹಳದಿ ತೆಗೆದುಕೊಳ್ಳಿ. ಆಟ ಮುಗಿದ ಮೇಲೆ ಆರಿಸಲು ಕೈಗೆಟುಕುವ ಹಾಗೆ ಸ್ವಿಚ್ ಇರಲಿ, ಬೀಗದ ಕೈ ಶಾಲೆಯಲ್ಲೇ ಇರಲಿ. ಇಷ್ಟು ಬದಲಾವಣೆಯನ್ನು ಟೆಂಡರಿಗೆ ಮೊದಲು ಬರೆಸಿದರೆ ಸಾಕು. ಷೇಡಿಗೆ ಹೆಚ್ಚು ಖರ್ಚಾದರೆ ಅದು ನಮ್ಮ 2007ರ ತಂಡದ್ದು, ಮಧ್ಯಾಹ್ನ ಊಟದ ಪಂಕ್ತಿಯಲ್ಲೇ ಮಾತಾಡಿಕೊಂಡಿದ್ದೇವೆ.

ಇಂಥದ್ದು ನಡೆದಿರುವ ಜಾಗ ನಮ್ಮ ದೇಶದಲ್ಲೇ ಇದೆ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ವ್ಯಾಸದ ದೂರದರ್ಶಕ ಇದೆ. ಅದನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆ ಆಕಾಶದ ಸಂರಕ್ಷಿತ ತಾಣ ಮಾಡಿದರು. ಅಲ್ಲಿ ಊರುಗಳನ್ನು ಎಬ್ಬಿಸಲಿಲ್ಲ. ದೀಪಗಳಿಗೆ ಷೇಡು ಹಾಕಿಸಿ, ಕಿಟಕಿಗೆ ಪರದೆ ಹಾಕಿಸಿ, ಊರಿನವರಿಗೇ ದೂರದರ್ಶಕ ಕೊಟ್ಟು ನಕ್ಷತ್ರ ತೋರಿಸುವ ತರಬೇತಿ ಕೊಟ್ಟರು. ಈಗ ಪ್ರವಾಸಿಗರು ಅವರ ಮನೆಗಳಲ್ಲಿ ಉಳಿದು ಆಕಾಶ ನೋಡುತ್ತಾರೆ. ನಮ್ಮೂರು ಹಾನ್ಲೆ ಆಗಬೇಕಾಗಿಲ್ಲ. ಎಂಟನೇ ತರಗತಿಗೆ ಮತ್ತೊಬ್ಬರು ಮೇಷ್ಟ್ರು ಬಂದು "ಒಂದು ವಾರ ಟೈಮು, ನೋಡಿಕೊಂಡು ಬನ್ನಿ" ಅಂದಾಗ ನೋಡಲು ಏನಾದರೂ ಇರಬೇಕು, ಅಷ್ಟೆ.

ಸಮಯ ಮೀರಿದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಾಳೆ ಅಮಾವಾಸ್ಯೆ, ಅದರ ಹಿಂದಿನ ದಿನ ಯಾಕೆ ಕಾರ್ಯಕ್ರಮ ಇಟ್ಟಿರಿ ಅಂತ ಕೆಲವರು ಬೇಸರ ಮಾಡಿಕೊಂಡರಂತೆ. ಚುಕ್ಕಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ, ಚಂದ್ರನ ಕಾಟವೇ ಇರುವುದಿಲ್ಲ. ಊಟ ಮುಗಿಸಿ ಎಂಟೂವರೆಗೆ ಮೈದಾನದ ಹಿಂದೆ, ನೀರಿನ ಟ್ಯಾಂಕಿನ ಆಚೆ ಬನ್ನಿ. ಆ ಹೊತ್ತಿಗೆ ಶಾಮಿಯಾನದ ದೀಪ ಆರಿಸಲು ಲೈಟಿನವರು ಒಪ್ಪಿದ್ದಾರೆ. ಕೃತ್ತಿಕೆ ನೆತ್ತಿಯ ಹತ್ತಿರ ಇರುತ್ತದೆ, ಅದರ ಪೂರ್ವಕ್ಕೆ ರೋಹಿಣಿ, ಆಮೇಲೆ ಮೃಗಶಿರ, ಆರಿದ್ರ. ಈಶಾನ್ಯದಲ್ಲಿ ಪುನರ್ವಸುವಿನ ಬಳಿ ಎಲ್ಲಕ್ಕಿಂತ ಪ್ರಕಾಶವಾಗಿ ಹೊಳೆಯುವುದು ನಕ್ಷತ್ರವಲ್ಲ, ಗುರುಗ್ರಹ. ನಾನು ತಂದಿರುವ ಸಣ್ಣ ದೂರದರ್ಶಕದಲ್ಲಿ ಅದರ ಚಂದ್ರರು ಕಾಣುತ್ತವೆ. ಆಗ್ನೇಯದಲ್ಲಿ ಲುಬ್ಧಕ, ಅದರ ಕೆಳಗೆ ದಕ್ಷಿಣಕ್ಕೆ ತೆಂಗಿನ ತೋಟದ ಮೇಲೆ ಅಗಸ್ತ್ಯ. ಅರುಂಧತಿ ಬೇಕಾದ ದಂಪತಿಗಳು ನಡುರಾತ್ರಿ ದಾಟುವವರೆಗೆ ಕಾಯಬೇಕು. ಚೇಳು ಬೇಕಾದವರು ಬೆಳಿಗ್ಗೆ ಐದೂವರೆಗೆ ಎದ್ದು ಆಗ್ನೇಯಕ್ಕೆ ನೋಡಿ.

ಮೊಬೈಲ್ ಟಾರ್ಚ್ ಹಾಕಬೇಡಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಅಜ್ಜ ಅಜ್ಜಿಯರಿಗೆ ಕುರ್ಚಿ ಹಾಕಿಸಿದ್ದೇವೆ. ಚಳಿ ಇದೆ, ಕಂಬಳಿ ತನ್ನಿ.